ಬಿಟ್ಟು ಹೋದ ಎಂಟನೇ ಬಿಟ್

ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟುವ ಚಟ ಎಲ್ಲಿಂದ ಬಂತು ಅಂತ ಯಾರನ್ನಾದರೂ ಕೇಳಿ ನೋಡಿ. ಹೆಚ್ಚಿನವರು ಮೊಬೈಲಿನ ಕಡೆ ಬೆರಳು ತೋರಿಸುತ್ತಾರೆ. ಆದರೆ ಅದು ಎಸ್ಸೆಮ್ಮೆಸ್ಸಿಗಿಂತ ಹಳೆಯದು. 1990ರ ದಶಕದಲ್ಲಿ ಯೂಸ್‌ನೆಟ್ಟಿನ ಕರ್ನಾಟಕದ ಗುಂಪಿನಲ್ಲಿ ಹರಟುತ್ತಿದ್ದ ಕನ್ನಡಿಗರು ಆಗಲೇ ಹಾಗೆ ಬರೆಯುತ್ತಿದ್ದರು. ಫಾಂಟ್ ಇರಲಿಲ್ಲ ಅನ್ನುವುದು ಅರ್ಧ ಕಾರಣ. ಇನ್ನರ್ಧ ಕಾರಣ ತಂತಿಯಲ್ಲಿತ್ತು. ಅಂದಿನ ಎಷ್ಟೋ ದಾರಿಗಳಲ್ಲಿ ಒಂದು ಅಕ್ಷರಕ್ಕೆ ಏಳು ಬಿಟ್ ಮಾತ್ರ ದಾಟುತ್ತಿತ್ತು. 1982ರ ಇಮೇಲ್ ನಿಯಮವೂ ಅಷ್ಟನ್ನೇ ಒಪ್ಪಿಕೊಂಡಿತ್ತು. ಕನ್ನಡ ಇದ್ದದ್ದು ಎಂಟನೆಯದರಲ್ಲಿ!

ಇದನ್ನು ಪುಸ್ತಕ ಓದಿ ತಿಳಿದುಕೊಂಡಿದ್ದಲ್ಲ. ನಮ್ಮೂರು ಶಿವನಿಯಲ್ಲಿ ಒಂದು ಹಳೆ ಕಂಪ್ಯೂಟರಿನ ಜೊತೆ ಮೂರು ದಿನ ಗುದ್ದಾಡಿದಾಗ ತಿಳಿದದ್ದು. ಆ ಕತೆಗೆ ಆಮೇಲೆ ಬರುತ್ತೇನೆ. ಮೊದಲು ಟರ್ಮಿನಲ್ ಅಂದರೇನು ನೋಡೋಣ.

ಟರ್ಮಿನಲ್ ಅಂದರೆ ಸ್ವಂತ ಬುದ್ಧಿ ಇಲ್ಲದ ಒಂದು ತೆರೆ ಮತ್ತು ಒಂದು ಕೀಲಿಮಣೆ. ಲೆಕ್ಕ ಮಾಡುವ ದೊಡ್ಡ ಯಂತ್ರ ಇನ್ನೆಲ್ಲೋ ಇರುತ್ತದೆ, ನಡುವೆ ಒಂದು ತಂತಿ. 1985-86ರಲ್ಲಿ ದಿಲ್ಲಿಯಲ್ಲಿ ರೈಲ್ವೆ ರಿಸರ್ವೇಶನ್ ಕಂಪ್ಯೂಟರಿಗೆ ಹೋದಾಗ ಕೌಂಟರಿನವರ ಮುಂದೆ ಬಂದು ಕೂತದ್ದು ಇಂಥದ್ದೇ. ಈ ಜಾತಿಯ ಮಹಾಪುರುಷ ಡಿಇಸಿ ಕಂಪನಿಯ ವಿಟಿ 100, 1978ರದ್ದು. ಮೈಕ್ರೋ ಕಂಪ್ಯೂಟರುಗಳು ಅಗ್ಗವಾದ ಮೇಲೆ, ಕಂಪ್ಯೂಟರನ್ನೇ ವಿಟಿ 100ರಂತೆ ನಟಿಸಲು ಹಚ್ಚುವ ತಂತ್ರಾಂಶಗಳು ಬಂದವು. ಅವೇ ಟರ್ಮಿನಲ್ ಎಮ್ಯುಲೇಟರುಗಳು. ಪ್ರೊಕಾಮ್, ಟೆಲಿಕ್ಸ್, ವಿಂಡೋಸ್ 95ರ ಹೈಪರ್‌ಟರ್ಮಿನಲ್ ಎಲ್ಲ ಇದೇ ಕುಲದವು. ನಾನು ಆಫೀಸಿನಲ್ಲಿ ದಿನವೂ ತೆರೆಯುವ ಕಪ್ಪು ಕಿಟಕಿ ಕೂಡ ಇವತ್ತಿಗೂ ಒಳಗೊಳಗೇ ವಿಟಿ 100ರ ಸಂಜ್ಞೆಗಳನ್ನೇ ಮಾತಾಡುತ್ತದೆ. ನಟನೆ ಶುರು ಮಾಡಿದ ಪಾತ್ರಧಾರಿ ಇನ್ನೂ ವೇಷ ಕಳಚಿಲ್ಲ :)

ಈಗ ಬಿಟ್ಟಿನ ಲೆಕ್ಕ. ಏಳು ಬಿಟ್ಟಿನಲ್ಲಿ 128 ಸಂಕೇತ ಹಿಡಿಸುತ್ತದೆ. ಅದರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಗೇ ಜಾಗ ಸರಿಹೋಗುತ್ತದೆ. ಭಾರತೀಯ ಲಿಪಿಗಳಿಗಾಗಿ ಮಾಡಿದ ಇಸ್ಕಿ ಸಂಕೇತ (1988ರಲ್ಲಿ ಒಂದು ರೂಪ, 1991ರಲ್ಲಿ ಐಎಸ್ 13194 ಎಂಬ ಮಾನಕ) ಕೆಳಗಿನ 128ನ್ನು ಇಂಗ್ಲಿಷಿಗೇ ಬಿಟ್ಟು, ಎಂಟನೇ ಬಿಟ್ ಹೊತ್ತಿಸಿ ಮೇಲಿನ 128ರಲ್ಲಿ ನಮ್ಮ ಅಕ್ಷರಗಳನ್ನು ಕೂರಿಸಿತು. ಚಂದದ ಏರ್ಪಾಡು. ನಾಗರಿಯ ಕ, ತೆಲುಗಿನ ಕ, ಕನ್ನಡದ ಕ ಮೂರಕ್ಕೂ ಒಂದೇ ಸಂಕೇತ, ತೆರೆಯ ಮೇಲೆ ಯಾವ ಲಿಪಿ ಬೇಕೋ ಅದನ್ನು ಆರಿಸಿಕೊಂಡರಾಯಿತು.

"ಶಿವನಿ" ಅಂತ ಇಸ್ಕಿಯಲ್ಲಿ ಬರೆದರೆ ಐದು ಬೈಟ್: ಶ, ಇಕಾರದ ಗುಣಿತ, ವ, ನ, ಮತ್ತೆ ಇಕಾರ. ಏಳು ಬಿಟ್ಟಿನ ತಂತಿಯಲ್ಲಿ ಕಳಿಸಿದರೆ ಎಂಟನೆಯದು ಉದುರಿಹೋಗಿ ಆ ಕಡೆ ಬರುವುದು ಇಂಗ್ಲಿಷಿನ ಯು, ಒಂದು ಚೌಕ ಕಂಸ, ಟಿ, ಎಫ್, ಮತ್ತೆ ಚೌಕ ಕಂಸ. "ಕನ್ನಡ" ಎಂಬ ಪದದ ಗತಿ ಇನ್ನೂ ಚೆಂದ: 3, ಎಫ್, ಸಣ್ಣ ಎಚ್, ಎಫ್, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಆ ಪ್ರಶ್ನೆಗೆ ಯಾರು ಉತ್ತರ ಹೇಳಬೇಕೋ!

ಎಂಟನೆಯದನ್ನು ಕದಿಯುತ್ತಿದ್ದವರು ಕಳ್ಳರೇನಲ್ಲ. ಗಲಾಟೆಯ ಟೆಲಿಫೋನ್ ತಂತಿಯಲ್ಲಿ ಅಕ್ಷರ ಕೆಟ್ಟಿದೆಯೇ ಅಂತ ನೋಡಲು ಆ ಜಾಗದಲ್ಲಿ ಪ್ಯಾರಿಟಿ ಎಂಬ ಕಾವಲುಗಾರನನ್ನು ಕೂರಿಸುತ್ತಿದ್ದರು. ಇಂಗ್ಲಿಷಿಗೆ ಏಳು ಸಾಕಾಗಿದ್ದರಿಂದ ಎಂಟನೆಯದು ಖಾಲಿ ಸೈಟಿನ ಹಾಗೆ ಕಂಡಿತ್ತು ಅಷ್ಟೆ.

ಈ ಜಗತ್ತಿನಲ್ಲಿ ಹುಟ್ಟಿದ್ದು ಕರ್ಮಿಟ್. 1981, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ. ದೊಡ್ಡ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳಿಗೆ ಕೊಡಲು ಡಿಸ್ಕ್ ಜಾಗ ಸಾಲದು. ಅವರ ಫೈಲುಗಳನ್ನು ಸಣ್ಣ ಕಂಪ್ಯೂಟರಿನ ಫ್ಲಾಪಿಗೆ ಇಳಿಸಿ ಕೈಗೆ ಕೊಟ್ಟುಬಿಡೋಣ ಎಂಬ ಯೋಚನೆ. ಫ್ರಾಂಕ್ ಡ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಎಂಬ ಇಬ್ಬರು ಕೂತು ಒಂದು ಪ್ರೋಟೋಕಾಲ್ ಬರೆದರು. ಗೋಡೆಯ ಮೇಲೆ ಮಪೆಟ್ ಶೋ ಕ್ಯಾಲೆಂಡರ್ ನೇತಾಡುತ್ತಿತ್ತು, ಅದರಲ್ಲಿದ್ದ ಕಪ್ಪೆಯ ಹೆಸರನ್ನೇ ಇಟ್ಟರು. (ನಮ್ಮಲ್ಲಾಗಿದ್ದರೆ ಕ್ಯಾಲೆಂಡರಿನಿಂದ ಯಾವುದಾದರೂ ದೇವರ ಹೆಸರು ಬಂದಿರುತ್ತಿತ್ತು.)

ಅವರ ಮುಂದಿದ್ದ ಯಂತ್ರಗಳು ಒಂದಕ್ಕೊಂದು ಆಗದವು. ಡಿಇಸಿಯದೊಂದು, ಐಬಿಎಮ್ಮಿನದೊಂದು, ಮೇಜಿನ ಮೇಲಿನ ಸಣ್ಣದೊಂದು. ಒಂದು ಏಳೇ ಬಿಟ್ ಕೊಡುತ್ತದೆ, ಇನ್ನೊಂದು ಕಂಟ್ರೋಲ್ ಸಂಕೇತ ಕಂಡರೆ ಅದನ್ನೇ ನುಂಗುತ್ತದೆ, ಮತ್ತೊಂದು ಸಾಲು ಉದ್ದವಾದರೆ ಉಸಿರು ಕಟ್ಟುತ್ತದೆ. ಹಾಗಾಗಿ ಕರ್ಮಿಟ್ ತಂತಿಯ ಬಗ್ಗೆ ಏನನ್ನೂ ನಂಬುವುದಿಲ್ಲ. ಫೈಲನ್ನು ಸಣ್ಣ ಪೊಟ್ಟಣ ಮಾಡುತ್ತದೆ. ಮೊದಲ ರೂಪದಲ್ಲಿ ಒಂದು ಪೊಟ್ಟಣಕ್ಕೆ ಸುಮಾರು 94 ಅಕ್ಷರದ ಮಿತಿ. ಉದ್ದ, ಕ್ರಮಸಂಖ್ಯೆ, ವಿಧ, ಸರಕು, ಕೊನೆಗೆ ತಾಳೆ ನೋಡುವ ಲೆಕ್ಕ. ಆರಂಭದ ಗುರುತು, ಸಾಲಿನ ಕೊನೆ ಬಿಟ್ಟರೆ ಉಳಿದದ್ದೆಲ್ಲ ಕಣ್ಣಿಗೆ ಕಾಣುವ ಮಾಮೂಲಿ ಅಕ್ಷರಗಳೇ. ಕಂಟ್ರೋಲ್ ಸಂಕೇತ ಬಂದರೆ ಅದರ ಮುಂದೆ # ಇಟ್ಟು ವೇಷ ಹಾಕಿಸಿ ಕಳಿಸುತ್ತದೆ. ಎಂಟನೇ ಬಿಟ್ ಇದ್ದರೆ ಅದನ್ನು ತೆಗೆದು, "ಇದಕ್ಕೆ ಎಂಟನೆಯದಿತ್ತು" ಅಂತ ಹೇಳಲು ಮುಂದೆ ಒಂದು & ಇಡುತ್ತದೆ. ಆ ಕಡೆಯ ಕರ್ಮಿಟ್ & ಕಂಡ ಕೂಡಲೇ ಬಿಟ್ಟನ್ನು ಮತ್ತೆ ಜೋಡಿಸುತ್ತದೆ.

ಅಂದರೆ ಶಿವನಿಯ ಐದು ಬೈಟ್ ಹತ್ತಾಗುತ್ತದೆ, ಆದರೆ ಶಿವನಿಯಾಗಿಯೇ ತಲುಪುತ್ತದೆ. ಒಂದು ತಮಾಷೆ: ಇಸ್ಕಿಯ "ಇ" ಅಕ್ಷರದ ಎಂಟನೇ ಬಿಟ್ ತೆಗೆದರೆ ಉಳಿಯುವುದು & ಚಿಹ್ನೆಯೇ! ಗೊಂದಲ ತಪ್ಪಿಸಲು ಕರ್ಮಿಟ್ ಅದನ್ನು &#& ಅಂತ ಮೂರು ಚಿಹ್ನೆ ಮಾಡಿ ಕಳಿಸಬೇಕು. ಇಲಿ, ಇಟ್ಟಿಗೆ, ಇಡ್ಲಿ ಎಲ್ಲಕ್ಕೂ ಒಂದು ಅಕ್ಷರದ ತೆರಿಗೆ ಹೆಚ್ಚು.

ಇದೇ ಕೆಲಸಕ್ಕೆ ಬೇರೆಯವರೂ ಇದ್ದರು. ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಬರೆದ ಎಕ್ಸ್‌ಮೋಡೆಮ್ 128 ಬೈಟಿನ ತುಂಡುಗಳಲ್ಲಿ ಕಳಿಸುತ್ತಿತ್ತು. ಸರಳ, ಆದರೆ ಎಂಟೂ ಬಿಟ್ ಸ್ವಚ್ಛವಾಗಿ ದಾಟಲೇಬೇಕು. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ಬರೆದ ಝಡ್‌ಮೋಡೆಮ್ ವೇಗದ್ದು, ನಡುವೆ ಲೈನ್ ಕಡಿದರೆ ಬಿಟ್ಟಲ್ಲಿಂದಲೇ ಮುಂದುವರಿಸುವ ಜಾಣ. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲ ತೆರೆದಾಗ ವಿದ್ಯಾರ್ಥಿಗಳ ಜೇಬಿಗೆ ಎಟುಕುತ್ತಿದ್ದುದು ಶೆಲ್ ಖಾತೆ, ಅಂದರೆ ಬರೀ ಅಕ್ಷರಗಳ ತೆರೆ. ಫೈಲು ಮೊದಲು ವಿಎಸ್‌ಎನ್‌ಎಲ್ ಕಂಪ್ಯೂಟರಿಗೆ ಇಳಿಯಬೇಕು, ಅಲ್ಲಿಂದ ಝಡ್‌ಮೋಡೆಮ್ಮಿನಲ್ಲಿ ಮನೆಗೆ. ಬೆಂಗಳೂರಿನ ನನ್ನ ಹಿರಿಯ ಸಹೋದ್ಯೋಗಿಗಳು ಮಾಡೆಮ್ಮಿನ ಕಿರುಚಾಟವನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ. ನನಗದು ಅಪ್ಪ ಹೇಳುವ ರೇಡಿಯೋ ಸಿಲೋನ್ ಕತೆಯಂತೆ.

ಊರುಗಳ ಮಾತು ಬೇರೆ. ಸಿ-ಡಾಟ್ ಮಾಡಿದ 128 ಪೋರ್ಟಿನ ಹಳ್ಳಿ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ದೇಶದ ಟೆಲಿಫೋನ್ ಚರಿತ್ರೆಯಲ್ಲಿ ಬೆಂಗಳೂರಿಗಿಂತ ಕಿತ್ತೂರಿಗೆ ದೊಡ್ಡ ಸಾಲು ಸಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ.

ಇತ್ತ ಕನ್ನಡದ ತೆರೆಯ ಕೆಲಸ ನಡೆದದ್ದು ಕಾನ್ಪುರದ ಐಐಟಿಯಲ್ಲಿ, ಆಮೇಲೆ ಪುಣೆಯ ಸಿ-ಡ್ಯಾಕ್‌ನಲ್ಲಿ. ಅದರ ಹೆಸರು ಜಿಸ್ಟ್. ಎರಡು ರೂಪದಲ್ಲಿ ಬಂತು. ಒಂದು, ಪಿಸಿಯೊಳಗೆ ಸಿಕ್ಕಿಸುವ ಕಾರ್ಡ್. ಇನ್ನೊಂದು, ಯುನಿಕ್ಸ್ ಯಂತ್ರಕ್ಕೆ ಸೀರಿಯಲ್ ತಂತಿಯಲ್ಲಿ ಜೋಡಿಸುವ ಟರ್ಮಿನಲ್. ಕಾರ್ಡ್ ಹಾಕಿದರೆ ಡಾಸ್‌ನ ವರ್ಡ್‌ಸ್ಟಾರ್, ಡಿಬೇಸ್‌ಗಳಲ್ಲೇ ಕನ್ನಡ ಮೂಡುತ್ತಿತ್ತು. ಪಾಪ, ಆ ಪ್ರೋಗ್ರಾಮಿಗೆ ತಾನು ಕನ್ನಡ ಬರೆಯುತ್ತಿದ್ದೇನೆ ಅಂತಲೇ ಗೊತ್ತಿರುತ್ತಿರಲಿಲ್ಲ, ಅದರ ಪಾಲಿಗೆ ಎಲ್ಲ ಬರೀ ಬೈಟು.

ಈಗ ನಮ್ಮೂರಿಗೆ ಬರೋಣ. ಶಿವನಿ ಗೊತ್ತಲ್ಲ? ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಬೀರೂರು ದಾಟಿ, ಅಜ್ಜಂಪುರ ಆದ ಮೇಲೆ ಬರುತ್ತದೆ. ನಮ್ಮ ಚಿಕ್ಕಪ್ಪ ತೊಂಬತ್ತರ ದಶಕದಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿ ಕಾಲವಾಯಿತು, 486 ಕಂಪ್ಯೂಟರ್ ಮಾತ್ರ ಅಟ್ಟದಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು, ಹೊಟ್ಟೆಯೊಳಗೆ ಜಿಸ್ಟ್ ಕಾರ್ಡ್ ಸಮೇತ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಅಜ್ಜಿಯನ್ನು ಪಕ್ಕ ಕೂರಿಸಿಕೊಂಡು, ಅವರು ಹೇಳಿದ ಸೋಬಾನೆ ಪದಗಳನ್ನು ಟೈಪ್ ಮಾಡಿಟ್ಟಿದ್ದರು. ಅಜ್ಜಿ ಈಗ ಇಲ್ಲ. ಆ ಪದಗಳು ಬೇರೆಲ್ಲೂ ಬರೆದಿಟ್ಟಿಲ್ಲ.

"ಗುಜರಿಯೋನು ಬಂದಿದ್ದ, ಮುನ್ನೂರು ಕೊಡ್ತೀನಿ ಅಂದ. ಅದ್ರಲ್ಲಿ ನಮ್ಮವ್ವನ ಪದ ಐತೆ ಕಣಪ್ಪ, ತೆಗೆಯಕ್ ಆಗ್ತೈತಾ ನೋಡು" ಅಂದರು.

"ನೋಡ್ತೀನಿ ಚಿಕ್ಕಪ್ಪ, ಅಲ್ಲಿವರೆಗೂ ಯಾರಿಗೂ ಕೊಡಬೇಡಿ" ಅಂದೆ.

ಫ್ಲಾಪಿ ಡ್ರೈವ್ ಸತ್ತಿತ್ತು. ಡಿಸ್ಕನ್ನೇ ಕಿತ್ತು ಯುಎಸ್‌ಬಿ ಅಡಾಪ್ಟರಿಗೆ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆ ಕಾಲದ ಚಿಕ್ಕ ಡಿಸ್ಕುಗಳ ವಿಳಾಸ ಪದ್ಧತಿಯೇ ಬೇರೆ, ಇಂದಿನ ಅಡಾಪ್ಟರುಗಳಲ್ಲಿ ಹೆಚ್ಚಿನವಕ್ಕೆ ಅವು ಅರ್ಥವಾಗುವುದಿಲ್ಲ. ಉಳಿದದ್ದು ಹಿಂಬದಿಯ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್. ನನ್ನ ಲ್ಯಾಪ್‌ಟಾಪಿಗೆ ಯುಎಸ್‌ಬಿ ಸೀರಿಯಲ್ ಅಡಾಪ್ಟರ್, ನಡುವೆ ನಲ್ ಮೋಡೆಮ್ ಕೇಬಲ್. ಇದರಲ್ಲಿ ಎರಡು ಮತ್ತು ಮೂರನೇ ಪಿನ್ ಅದಲುಬದಲು ಇರುತ್ತದೆ, ಐದನೆಯದು ನೆಲ. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ, ಅಷ್ಟೆ.

ಲ್ಯಾಪ್‌ಟಾಪಿನಲ್ಲಿ ಸಿ-ಕರ್ಮಿಟ್ ಹಾಕಿಕೊಂಡೆ. ಆದರೆ 486ರಲ್ಲಿ ಕರ್ಮಿಟ್ ಇಲ್ಲ. ಕರ್ಮಿಟ್ ಇಲ್ಲದ ಕಡೆಗೆ ಕರ್ಮಿಟ್ಟನ್ನು ಕಳಿಸುವುದು ಹೇಗೆ? ಬೀಗದ ಕೈ ಪೆಟ್ಟಿಗೆಯೊಳಗೇ ಇದ್ದ ಹಾಗಾಯಿತು. ಈ ಪೇಚು ನಲವತ್ತು ವರ್ಷ ಹಿಂದಿನವರಿಗೂ ಗೊತ್ತಿತ್ತು. ಅವರು ಎಂಎಸ್-ಡಾಸ್ ಕರ್ಮಿಟ್ಟನ್ನು "ಬೂ" ಎಂಬ ರೂಪದಲ್ಲೂ ಹಂಚುತ್ತಿದ್ದರು. ಮೂರು ಬೈಟಿಗೆ ನಾಲ್ಕು ಮಾಮೂಲಿ ಅಕ್ಷರ, ಅಂದರೆ ಇಡೀ ಪ್ರೋಗ್ರಾಂ ಒಂದು ಪಠ್ಯವಾಗಿಬಿಡುತ್ತದೆ. ಜೊತೆಗೆ ಅದನ್ನು ತಿರುಗಿ ಪ್ರೋಗ್ರಾಂ ಮಾಡಲು ಪುಟ್ಟ ಬೇಸಿಕ್ ಪ್ರೋಗ್ರಾಂ, ಕೈಯಲ್ಲೇ ಟೈಪ್ ಮಾಡಬಹುದಾದಷ್ಟು ಚಿಕ್ಕದು. 486ರಲ್ಲಿ ಕ್ಯೂಬೇಸಿಕ್ ಇತ್ತು. ಗಟ್ಟಿಯಾಗಿದ್ದ ಆ ಕೀಲಿಗಳನ್ನು ಒಂದೊಂದಾಗಿ ಒತ್ತಿ ಅದನ್ನು ಬರೆದು, 1200ರ ವೇಗದಲ್ಲಿ ಬೂ ಫೈಲು ಹರಿಯಬಿಟ್ಟೆ. ಸೆಕೆಂಡಿಗೆ 120 ಅಕ್ಷರ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು.

ಆಮೇಲಿನದು ಸಲೀಸು. ಎರಡೂ ಕಡೆ ವೇಗ 9600, ಪ್ಯಾರಿಟಿ ಬೇಡ, ಫೈಲಿನ ವಿಧ ಬೈನರಿ. ಈ ಕೊನೆಯದನ್ನು ಹೊಸಬರು ಗೋಡೆ ಮೇಲೆ ಬರೆದಿಟ್ಟುಕೊಳ್ಳಬೇಕು. ಪಠ್ಯ ಅಂತ ಹೇಳಿದರೆ ಕರ್ಮಿಟ್ ಸಹಾಯ ಮಾಡಲು ಹೋಗಿ ಮೇಲಿನ 128ನ್ನು ಯುರೋಪಿನ ಅಕ್ಷರಗಳೆಂದು ತಿಳಿದು ಅನುವಾದಿಸಿಬಿಡಬಹುದು. ಲ್ಯಾಪ್‌ಟಾಪಿನಲ್ಲಿ ರಿಸೀವ್, ಆ ಕಡೆ ಸೆಂಡ್. ಫೈಲುಗಳು ಸಾಲಾಗಿ ಇಳಿಯತೊಡಗಿದವು. ಕುತೂಹಲಕ್ಕೆ ಒಂದು ಫೈಲನ್ನು ಬೇಕಂತಲೇ ಏಳು ಬಿಟ್ಟಿನಲ್ಲಿ, ಈವನ್ ಪ್ಯಾರಿಟಿ ಹಾಕಿ ಕಳಿಸಿದೆ. ಕರ್ಮಿಟ್ ಇಲ್ಲದೆ ನೇರ ಹರಿಸಿದಾಗ ಚೌಕ ಕಂಸಗಳ ರಾಶಿ. ಕರ್ಮಿಟ್ ಮೂಲಕ ಕಳಿಸಿದಾಗ, ನಿಧಾನವಾಗಿಯಾದರೂ, ಒಂದು ಬೈಟೂ ಆಚೀಚೆ ಆಗಲಿಲ್ಲ.

ಇಸ್ಕಿಯಿಂದ ಯುನಿಕೋಡಿಗೆ ತರುವುದು ಹೆದರಿದಷ್ಟು ಕಷ್ಟವಾಗಲಿಲ್ಲ. ಯುನಿಕೋಡಿನ ಕನ್ನಡ ಪಟ್ಟಿ ಇಸ್ಕಿಯ ಸಾಲನ್ನೇ ಹಿಡಿದು ಮಾಡಿದ್ದು, ಐಸಿಯು ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡ ಇಸ್ಕಿಯ ಪರಿವರ್ತಕವೂ ಇದೆ. ಚಿಕ್ಕಪ್ಪ ಯಾವುದಾದರೂ ಫಾಂಟ್ ಆಧಾರಿತ ತಂತ್ರಾಂಶದಲ್ಲಿ ಬರೆದಿದ್ದರೆ ಕತೆ ಬೇರೆಯಾಗುತ್ತಿತ್ತು. ಅವು ಅಕ್ಷರದ ಬದಲು ಅಕ್ಷರದ ಚೂರುಗಳ ಆಕಾರ ಬರೆದಿಡುತ್ತವೆ, ಯಾವ ಫಾಂಟ್ ಅಂತ ಮರೆತರೆ ಪಠ್ಯವೂ ಹೋಯಿತು. ಇಸ್ಕಿಯನ್ನು ನಾವು ಬಹಳ ಬೇಗ ಕೈಬಿಟ್ಟೆವು ಅಂತ ನನಗನ್ನಿಸುತ್ತದೆ. (ಅಂದಹಾಗೆ ನೀವು ಈಗ ಓದುತ್ತಿರುವ ಯುಟಿಎಫ್-8ರಲ್ಲಿ "ಶಿವನಿ"ಗೆ ಹದಿನೈದು ಬೈಟ್, ಹದಿನೈದಕ್ಕೂ ಎಂಟನೇ ಬಿಟ್ ಹೊತ್ತಿದೆ. ಏಳು ಬಿಟ್ಟಿನ ತಂತಿಯಲ್ಲಿ ಕರ್ಮಿಟ್ ಅದನ್ನು ಮೂವತ್ತು ಮಾಡಿ ಸಾಗಿಸಬೇಕು.)

ನೀವೂ ಶುರು ಮಾಡಬೇಕೆಂದರೆ ಹಳೆ ಪೆಟ್ಟಿಗೆಯೇ ಬೇಕೆಂದಿಲ್ಲ. ಡಾಸ್‌ಬಾಕ್ಸ್‌ನಂಥ ಎಮ್ಯುಲೇಟರ್ ಒಳಗೆ ಎಂಎಸ್-ಡಾಸ್ ಕರ್ಮಿಟ್ ಓಡಿಸಿ, ಅದರ ಸೀರಿಯಲ್ ಪೋರ್ಟನ್ನು ನೆಟ್‌ವರ್ಕಿಗೆ ಕಟ್ಟಿ ಆಡಬಹುದು. ಕೊಲಂಬಿಯಾ ವಿಶ್ವವಿದ್ಯಾಲಯ 2011ರಲ್ಲಿ ಕರ್ಮಿಟ್ ಯೋಜನೆ ನಿಲ್ಲಿಸಿತು. ಸಿ-ಕರ್ಮಿಟ್ ಆಗಲೇ ಮುಕ್ತ ತಂತ್ರಾಂಶವಾಯಿತು, ಡ ಕ್ರೂಜ್ ಅದರ ಕೆಲಸ ಕೈಬಿಡಲಿಲ್ಲ.

ಪದಗಳನ್ನು ಪ್ರಿಂಟ್ ತೆಗೆದು ಚಿಕ್ಕಪ್ಪನಿಗೆ ಕೊಟ್ಟೆ. ಅವರು ಕನ್ನಡಕ ಹುಡುಕುವಷ್ಟರಲ್ಲಿ ಚಿಕ್ಕಮ್ಮ ಕಸಿದುಕೊಂಡು ಎರಡು ಪುಟ ಓದಿ, "ಇಲ್ಲೊಂದು ಸಾಲು ಬಿಟ್ಟೀರಿ, ಅತ್ತೆ ಹಿಂಗೆ ಹೇಳ್ತಿರ್ಲಿಲ್ಲ" ಅಂದರು. ಬೈಟು ಎಣಿಸಿ ನೋಡಿದೆ, ಎರಡೂ ಕಡೆ ಸಮ. ಸಾಲು ಬಿಟ್ಟದ್ದು ಕರ್ಮಿಟ್ ಅಲ್ಲ, ಚಿಕ್ಕಪ್ಪ. ಚಿಕ್ಕಮ್ಮ ಹೇಳಿದ ಸಾಲನ್ನು ಅದರ ಜಾಗದಲ್ಲಿ ಸೇರಿಸಿದ್ದೇನೆ.