ಸಾಲ ತೀರಿಸಿ ಸ್ವತಂತ್ರವಾದ ಸಭೆ: ಸಪ್ಪೊರೊದ ಹುಡುಗರು ಕಟ್ಟಿದ ಚರ್ಚು

ಚರ್ಚುಗಳ ಸ್ಮರಣ ಸಂಚಿಕೆಗಳಲ್ಲಿ ವಯಸ್ಸಿನ ಲೆಕ್ಕ ಶುರುವಾಗುವುದು ಅಡಿಗಲ್ಲಿನಿಂದ, ಇಲ್ಲವೇ ಮೊದಲ ಮಿಷನರಿ ಹಡಗಿನಿಂದ ಇಳಿದ ದಿನದಿಂದ. ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿರುವ ಸಪ್ಪೊರೊ ಸ್ವತಂತ್ರ ಕ್ರೈಸ್ತ ಸಭೆಗೆ ಈ ಎರಡೂ ಲೆಕ್ಕ ಹೊಂದುವುದಿಲ್ಲ. ಅದಕ್ಕೆ ಅಡಿಗಲ್ಲು ಇರಲಿಲ್ಲ, ಅದನ್ನು ಶುರುಮಾಡಿದವರಲ್ಲಿ ಒಬ್ಬ ಪಾದ್ರಿಯೂ ಇರಲಿಲ್ಲ. ಇದ್ದವರೆಲ್ಲ ಒಂದು ಕೃಷಿ ಕಾಲೇಜಿನ ಹಾಸ್ಟೆಲ್ ಹುಡುಗರು. ಅವರ ಪಾಲಿನ ದೊಡ್ಡ ದಿನ 1882ರ ಡಿಸೆಂಬರ್ 28. ಅಷ್ಟು ಹೊತ್ತಿಗೆ ಮಿಷನ್ನಿಂದ ಪಡೆದಿದ್ದ ಹಣವೆಲ್ಲ ಹಿಂದಿರುಗಿ ಸಭೆ ಯಾರ ಹಂಗಿಗೂ ಒಳಗಾಗದೆ ನಿಂತಿತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ವಿಲಿಯಂ ಸ್ಮಿತ್ ಕ್ಲಾರ್ಕ್ ಅವರಿಂದ ಶುರುಮಾಡುತ್ತಾರೆ. ಕಾರಣವೂ ಇದೆ. ಹೊಕ್ಕೈಡೊವನ್ನು ಬೇಗ ಬೇಗ ನೆಲೆಗೊಳಿಸಬೇಕೆಂಬ ಆತುರದಲ್ಲಿದ್ದ ಜಪಾನ್ ಸರ್ಕಾರ 1876ರಲ್ಲಿ ಸಪ್ಪೊರೊ ಕೃಷಿ ಕಾಲೇಜನ್ನು ತೆರೆದು, ಅಮೆರಿಕದ ಮ್ಯಾಸಚೂಸೆಟ್ಸ್ ಕೃಷಿ ಕಾಲೇಜಿನ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಅವರನ್ನು ಒಂದು ವರ್ಷದ ಮಟ್ಟಿಗೆ ಕರೆಸಿಕೊಂಡಿತು. ಅವರು ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಬಲ್ಲವರು, ಅಮೆರಿಕದ ಅಂತರ್ಯುದ್ಧದಲ್ಲಿ ಕರ್ನಲ್ ಆಗಿದ್ದವರು. ಧರ್ಮಪ್ರಚಾರಕರಂತೂ ಅಲ್ಲ. ಹುಡುಗರಿಗೆ ನೀತಿಪಾಠ ಹೇಳಿಕೊಡಿ ಎಂದು ವಸಾಹತು ಇಲಾಖೆಯ ಮುಖ್ಯಸ್ಥ ಕುರೊಡಾ ಕಿಯೊತಾಕಾ ಕೇಳಿದಾಗ, ಬೈಬಲ್ ಬಿಟ್ಟು ಬೇರೆ ನೀತಿ ನನಗೆ ಗೊತ್ತಿಲ್ಲ ಎಂದು ಪಟ್ಟು ಹಿಡಿದರು. ಕ್ರೈಸ್ತ ಮತವನ್ನು ನಿಷೇಧಿಸಿದ್ದ ಫಲಕಗಳನ್ನು ಬೀದಿಗಳಿಂದ ತೆಗೆದು ಆಗಿನ್ನೂ ಮೂರೇ ವರ್ಷವಾಗಿತ್ತು. ಸರ್ಕಾರಿ ಕಾಲೇಜಿನಲ್ಲಿ ಬೈಬಲ್ ಎಂದರೆ ಸಣ್ಣ ಮಾತಲ್ಲ. ಕುರೊಡಾ ಮೊದಲು ಒಪ್ಪಲಿಲ್ಲ, ಕೊನೆಗೆ ಕಂಡೂ ಕಾಣದಂತೆ ಸುಮ್ಮನಾದರು.

1877ರ ಮಾರ್ಚಿನಲ್ಲಿ ಕ್ಲಾರ್ಕ್ 'ಯೇಸುವನ್ನು ನಂಬುವವರ ಒಡಂಬಡಿಕೆ' ಎಂಬ ಪತ್ರವನ್ನು ಬರೆದು ಮೊದಲ ತರಗತಿಯವರಿಂದ ಸಹಿ ಮಾಡಿಸಿದರು. ಏಪ್ರಿಲ್‌ನಲ್ಲಿ ಹೊರಟೇಹೋದರು. ಶಿಮಾಮಾತ್ಸು ಎಂಬಲ್ಲಿ ಬೀಳ್ಕೊಡಲು ಬಂದ ಹುಡುಗರಿಗೆ ಕುದುರೆಯ ಮೇಲಿಂದ ಅವರು ಹೇಳಿದರೆನ್ನುವ ಉತ್ಸಾಹದ ಮಾತು ಇವತ್ತಿಗೂ ಜಪಾನಿನ ಶಾಲಾ ಮಕ್ಕಳ ಬಾಯಲ್ಲಿದೆ. ಸಪ್ಪೊರೊದ ಗುಡ್ಡವೊಂದರ ಮೇಲೆ ಕೈಚಾಚಿ ನಿಂತ ಅವರ ಪ್ರತಿಮೆಯ ಮುಂದೆ ಪ್ರವಾಸಿಗಳೂ ಹಾಗೇ ಕೈಚಾಚಿ ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೇನೋ ಈ ಪ್ರತಿಮೆ ಕಥೆಯ ಅರ್ಧವನ್ನು ಮರೆಮಾಡುತ್ತದೆ ಅನ್ನಿಸುತ್ತದೆ. ಕ್ಲಾರ್ಕ್ ಅಲ್ಲಿದ್ದದ್ದು ಎಂಟೂವರೆ ತಿಂಗಳು. ಅವರು ಚರ್ಚು ಕಟ್ಟಲಿಲ್ಲ. ಸಮಯ ಒದಗಿದಾಗ ಯಾವುದಾದರೊಂದು ಸ್ಥಾಪಿತ ಸಭೆಗೆ ಸೇರಬೇಕೆಂದೇ ಅವರ ಒಡಂಬಡಿಕೆ ಹೇಳಿತ್ತು. ಹುಡುಗರು ಮುಂದೆ ಮಾಡಿದ್ದು ಬೇರೆಯೇ.

ಆ ವರ್ಷದ ಸೆಪ್ಟೆಂಬರಿನಲ್ಲಿ ಎರಡನೆಯ ತರಗತಿ ಬಂತು. ಅದರಲ್ಲಿ ಉಚಿಮುರಾ ಕಾಂಜೊ, ನಿತೊಬೆ ಇನಾಜೊ, ಮಿಯಾಬೆ ಕಿಂಗೊ, ಹಿರೊಯಿ ಇಸಾಮಿ ಇದ್ದರು. ಇವರಾರೂ ಕ್ಲಾರ್ಕ್ ಮುಖವನ್ನೇ ಕಂಡವರಲ್ಲ. ಇವರನ್ನು ಹಿಡಿದವರು ಹಿರಿಯ ತರಗತಿಯ ಹುಡುಗರು. ಹೊಸ ಹುಮ್ಮಸ್ಸಿನಲ್ಲಿದ್ದ ಅವರು ಊಟದ ಹೊತ್ತಿಗೂ ಬಿಡದೆ, ಮಲಗುವ ಹೊತ್ತಿಗೂ ಬಿಡದೆ ಬೆನ್ನು ಹತ್ತಿದರು. ಒಬ್ಬೊಬ್ಬರಾಗಿ ಸೋತು ಸಹಿ ಹಾಕಿದರು. ಸಮುರಾಯಿ ಮನೆತನದ ಹದಿನಾರರ ಉಚಿಮುರಾ ಮಾತ್ರ ಜಗ್ಗಲಿಲ್ಲ. ಊರ ದೇವಸ್ಥಾನಕ್ಕೆ ಹೋಗಿ ಹುಲ್ಲಿನ ಮೇಲೆ ಅಡ್ಡಬಿದ್ದು, ಕಾಲೇಜಿಗೆ ಹತ್ತಿರುವ ಈ ಹುಚ್ಚನ್ನು ಆರಿಸಿಬಿಡು ಎಂದು ಗ್ರಾಮದೇವರನ್ನು ಬೇಡಿಕೊಂಡ. ಡಿಸೆಂಬರಿನಲ್ಲಿ ಅವನೂ ಸಹಿ ಹಾಕಿದ. 1895ರಲ್ಲಿ ಇಂಗ್ಲಿಷಿನಲ್ಲಿ ಬರೆದ ತಮ್ಮ ಆತ್ಮಕಥನದಲ್ಲಿ ಉಚಿಮುರಾ ಇದನ್ನು ಮುಚ್ಚಿಡದೆ ಹೇಳಿಕೊಂಡಿದ್ದಾರೆ: ತಾನು ಸೇರಿದ್ದು ಮನವೊಲಿದಲ್ಲ, ಒತ್ತಾಯಕ್ಕೆ. ಆಮೇಲೆ ಬಂದ ನೆಮ್ಮದಿಯ ಬಗ್ಗೆ ಅವರು ಹೇಳುವ ಮಾತು ಸ್ವಾರಸ್ಯವಾದದ್ದು. ದಾರಿಯುದ್ದಕ್ಕೂ ಸಿಗುವ ಗುಡಿಗಳಿಗೆಲ್ಲ ನಿಂತು ನಿಂತು ಕೈಮುಗಿಯುವ, ಒಬ್ಬ ದೇವರಿಗೆ ಹೊತ್ತ ಹರಕೆ ಇನ್ನೊಬ್ಬನಿಗೆ ಮುನಿಸು ತರುವುದೇನೋ ಎಂದು ಅಂಜುವ ಕಷ್ಟ ತಪ್ಪಿತಂತೆ. ಒತ್ತಾಯದ ಸಹಿಗಳಿಗೆ ಆಯುಸ್ಸು ಕಡಿಮೆಯೆಂಬುದೂ ನಿಜ. ಒಡಂಬಡಿಕೆಗೆ ಸಹಿ ಹಾಕಿದ 31 ವಿದ್ಯಾರ್ಥಿಗಳಲ್ಲಿ ಕೆಲವರು ಕ್ರಮೇಣ ಜಾರಿಹೋದರು.

1878ರ ಜೂನ್ 2ರಂದು ಎರಡನೆಯ ತರಗತಿಯ ಏಳು ಮಂದಿಗೆ ಮೆಥಡಿಸ್ಟ್ ಮಿಷನರಿ ಮೆರಿಮನ್ ಹ್ಯಾರಿಸ್ ದೀಕ್ಷಾಸ್ನಾನ ಕೊಟ್ಟರು. ಹುಡುಗರು ತಾವೇ ಹೆಸರು ಆರಿಸಿಕೊಂಡರು. ನಿತೊಬೆ ಪೌಲನಾದ, ಹಿರೊಯಿ ಚಾರ್ಲ್ಸ್ ಆದ, ಗೆಳೆತನವನ್ನು ಎಲ್ಲಕ್ಕಿಂತ ಮೇಲೆಂದು ನಂಬಿದ್ದ ಉಚಿಮುರಾ ದಾವೀದನ ಗೆಳೆಯ ಯೋನಾತಾನನ ಹೆಸರು ಹಿಡಿದ.

ಆಮೇಲಿನ ಮೂರು ವರ್ಷ ಈ ಏಳು ಮಂದಿ ಹಾಸ್ಟೆಲ್ ಕೋಣೆಯಲ್ಲಿ ನಡೆಸಿದ ಆರಾಧನೆಯೇ ನನ್ನ ಲೆಕ್ಕದಲ್ಲಿ ಈ ಸಭೆಯ ನಿಜವಾದ ಮೊದಲ ಅಧ್ಯಾಯ. ಅಲ್ಲಿ ಸಭಾಪಾಲಕ ಎಂಬ ಸ್ಥಾನವೇ ಇರಲಿಲ್ಲ, ಸರದಿ ಇತ್ತು. ಸರದಿ ಬಂದವನು ಅಂದಿನ ಮಟ್ಟಿಗೆ ಪಾದ್ರಿ, ಬೋಧಕ, ಜೊತೆಗೆ ಆಳು. ಎಲ್ಲರನ್ನೂ ಕರೆದು ಕೂರಿಸುವುದು, ಪ್ರಾರ್ಥನೆ ಮಾಡುವುದು, ಪ್ರಸಂಗ ಹೇಳುವುದು ಎಲ್ಲ ಅವನದೇ ಕೆಲಸ. ಹಿಟ್ಟಿನ ಪೀಪಾಯಿಯೇ ಪ್ರಸಂಗಪೀಠ. ಉಳಿದವರು ನೆಲದ ಮೇಲೆ ಕೂರುತ್ತಿದ್ದರು. ಕೈಗೂಡಿಸಿದ ಕಾಸಿನಲ್ಲಿ ಚಹಾ, ಸಿಹಿತಿಂಡಿ ಬರುತ್ತಿತ್ತು. ಅದೂ ಆರಾಧನೆಯ ಒಂದು ಅಂಗವೆಂಬಷ್ಟು ಮುತುವರ್ಜಿಯಿಂದ ಉಚಿಮುರಾ ಅದನ್ನು ನೆನೆದಿದ್ದಾರೆ. ಭಾನುವಾರ ಪಾಠ ಓದುವುದಿಲ್ಲ, ಸೋಮವಾರ ಪರೀಕ್ಷೆಯಿದ್ದರೂ ಓದುವುದಿಲ್ಲ ಎಂಬ ನೇಮವೂ ಅವರಿಗಿತ್ತು. ಹಾಗಿದ್ದೂ ಉಚಿಮುರಾ ತರಗತಿಗೇ ಮೊದಲಿಗನಾಗಿ ಪಾಸಾದದ್ದು ಹಿರಿಯರ ಬಾಯಿ ಮುಚ್ಚಿಸಿರಬೇಕು.

1881ರ ಜುಲೈನಲ್ಲಿ ಪದವಿ ಬಂತು, ಸರ್ಕಾರಿ ನೌಕರಿಯೂ ಬಂತು, ಹಾಸ್ಟೆಲ್ ಕೋಣೆ ಹೋಯಿತು. ಎಲ್ಲ ವಿದ್ಯಾರ್ಥಿ ಕೂಟಗಳೂ ಒಡೆಯುವುದು ಇಲ್ಲೇ. ಇವರ ಮುಂದೆ ಇನ್ನೊಂದು ತೊಡಕೂ ಇತ್ತು. ಕೆಲವರು ಮೆಥಡಿಸ್ಟರಿಂದ, ಇನ್ನು ಕೆಲವರು ಆಂಗ್ಲಿಕನ್ ಮಿಷನರಿಯಿಂದ ದೀಕ್ಷೆ ಪಡೆದಿದ್ದರು. ಕೆಲವೇ ಸಾವಿರ ಜನರಿದ್ದ ಸಪ್ಪೊರೊದಲ್ಲಿ ಎರಡು ಪಂಗಡಗಳ ಎರಡು ಚರ್ಚುಗಳು ತಲೆಯೆತ್ತುವ ಸೂಚನೆ ಕಂಡಿತು. ಒಂದೇ ಕೋಣೆಯಲ್ಲಿ ಮಲಗಿ ಎದ್ದವರು, ಒಂದೇ ಪೀಪಾಯಿಯ ಹಿಂದೆ ನಿಂತು ಬೋಧಿಸಿದವರು, ಇಂಗ್ಲೆಂಡಿನಲ್ಲೆಂದೋ ನಡೆದ ಜಗಳದ ಹೆಸರಿನಲ್ಲಿ ಭಾನುವಾರ ಬೇರೆ ಬೇರೆ ಬಾಗಿಲು ಹಿಡಿಯಬೇಕೇ ಎಂಬುದು ಅವರ ಪ್ರಶ್ನೆ. ದಕ್ಷಿಣ ಭಾರತದಲ್ಲಿ ಇದೇ ಪ್ರಶ್ನೆಗೆ ಬಿಷಪ್ಪರೂ ಪಂಡಿತರೂ ದಶಕಗಳ ಕಾಲ ಮಾತುಕತೆ ನಡೆಸಿ 1947ರಲ್ಲಿ ಸಿ.ಎಸ್.ಐ. ಸಭೆಯನ್ನು ಕಂಡುಕೊಂಡರು. ಇಪ್ಪತ್ತರ ಆಸುಪಾಸಿನ ಈ ಗುಮಾಸ್ತ ಹುಡುಗರಿಗೆ ಅಷ್ಟು ವ್ಯವಧಾನ ಇರಲಿಲ್ಲ. ಎರಡನ್ನೂ ಬಿಟ್ಟು ಒಂದಾಗುತ್ತೇವೆ ಎಂದುಬಿಟ್ಟರು.

ಬಿಡುವುದಕ್ಕೆ ಅಡ್ಡಬಂದದ್ದು ಧರ್ಮಶಾಸ್ತ್ರವಲ್ಲ, ದುಡ್ಡು. ಸಭಾಮಂದಿರಕ್ಕೆಂದು ಮೆಥಡಿಸ್ಟ್ ಮಿಷನ್ ನಾನೂರು ಡಾಲರ್ ಕಳಿಸಿತ್ತು. ಕೊಡುಗೆಯಾಗಿ ಬೇಡ, ಸಾಲವಾಗಿ ಇರಲಿ ಎಂದು ಹುಡುಗರು ಮೊದಲೇ ಹೇಳಿದ್ದರು. ಅದು ಜಾಣತನವೋ ಸಮುರಾಯಿ ಬಿಗುಮಾನವೋ, ಎರಡೂ ಇದ್ದೀತು. ಹೊಸದಾಗಿ ಕಟ್ಟಿಸುವ ಯೋಚನೆ ಕೈಗೂಡದೆ ಒಂದು ಮನೆಯನ್ನೇ ಕೊಂಡು ಆರಾಧನೆ ಆರಂಭಿಸಿದರು. ಪಂಗಡ ಬಿಡುವ ಸುದ್ದಿ ತಲುಪಿದಾಗ ಮಿಷನ್ ಕಡೆಯಿಂದ ಹಣ ಹಿಂದಿರುಗಿಸಿ ಎಂಬ ಮಾತು ಬಂತು. 1877ರ ಸಾತ್ಸುಮಾ ದಂಗೆಯನ್ನು ಅಡಗಿಸಲು ಸರ್ಕಾರ ಅಚ್ಚುಹಾಕಿದ ನೋಟುಗಳಿಂದ ಕಾಗದದ ಯೆನ್ನಿನ ಬೆಲೆ ಕುಸಿದಿತ್ತು. ನಾನೂರು ಡಾಲರ್ ಎಂದರೆ ಸುಮಾರು ಏಳುನೂರು ಯೆನ್. ಸಾಲದ್ದಕ್ಕೆ 1882ರ ಫೆಬ್ರುವರಿಯಲ್ಲಿ ಅವರಿಗೆ ನೌಕರಿ ಕೊಟ್ಟಿದ್ದ ವಸಾಹತು ಇಲಾಖೆಯೇ ರದ್ದಾಗಿ ಹೊಸ ಜಿಲ್ಲಾಡಳಿತಗಳು ಬಂದವು.

ಆದರೂ ತೀರಿಸಿದರು. ಮೀನುಗಾರಿಕೆ ವಿಭಾಗದಲ್ಲಿದ್ದ ಉಚಿಮುರಾರಂಥವರ ತೆಳ್ಳನೆಯ ಸಂಬಳಗಳಿಂದ ತಿಂಗಳು ತಿಂಗಳೂ ಪಾಲು ಬಂತು. ಸುದ್ದಿ ತಿಳಿದ ಕ್ಲಾರ್ಕ್ ಅಮೆರಿಕದಿಂದ ನೂರು ಡಾಲರ್ ಕಳಿಸಿದರು. ಗಣಿ ವ್ಯವಹಾರಕ್ಕೆ ಕೈಹಾಕಿದ್ದ ಅವರ ಕಂಪನಿ ಅದೇ 1882ರಲ್ಲಿ ದಿವಾಳಿಯೆದ್ದಿತು ಎಂಬುದನ್ನು ನೆನೆದರೆ ಆ ನೂರರ ತೂಕ ತಿಳಿಯುತ್ತದೆ. ಸಭೆಯ ಬೋಧನೆಯ ಹೊಣೆ ಮೊದಲ ತರಗತಿಯ ಒಶಿಮಾ ಹೊತ್ತರು. ಯಾವ ಪಂಗಡವೂ ಅವರ ತಲೆಯ ಮೇಲೆ ಕೈಯಿಟ್ಟು ನೇಮಿಸಿರಲಿಲ್ಲ.

ಮುಂದಿನ ದಾರಿಗಳು ಕವಲೊಡೆದವು. ಸಾಲಕ್ಕಾಗಿ ದುಡಿದ ಉಚಿಮುರಾ ಅಮೆರಿಕಕ್ಕೆ ಹೋಗಿ ಬಂದು, ಚಕ್ರವರ್ತಿಯ ಸಹಿಯಿದ್ದ ಶಿಕ್ಷಣ ಶಾಸನಕ್ಕೆ ಸಾಕಷ್ಟು ಬಾಗಲಿಲ್ಲವೆಂಬ ಆಪಾದನೆಯಿಂದ 1891ರಲ್ಲಿ ಉಪಾಧ್ಯಾಯ ವೃತ್ತಿ ಕಳೆದುಕೊಂಡರು. ಆಮೇಲೆ ಕಟ್ಟಡ, ಪಾದ್ರಿ, ಸದಸ್ಯರ ಪಟ್ಟಿ ಯಾವುದೂ ಬೇಡವೆನ್ನುವ 'ಮುಕ್ಯೊಕಾಯ್' ಚಳವಳಿಗೆ ಮೂಲಪುರುಷರಾದರು. ಇದನ್ನು ಸಪ್ಪೊರೊದಿಂದ ದೂರ ಸರಿದದ್ದೆಂದು ಕೆಲವರು ಓದುತ್ತಾರೆ. ನನಗೆ ಅದು ಹಾಸ್ಟೆಲ್ ಕೋಣೆಗೆ ಮರಳಿದಂತೆ ಕಾಣುತ್ತದೆ. ನಿತೊಬೆ 'ಬುಷಿಡೊ' ಬರೆದು, ಲೀಗ್ ಆಫ್ ನೇಷನ್ಸ್‌ನಲ್ಲಿ ಉಪ ಮಹಾಕಾರ್ಯದರ್ಶಿಯಾಗಿ, 1984ರಲ್ಲಿ ಐದು ಸಾವಿರ ಯೆನ್ನಿನ ನೋಟಿನ ಮೇಲೂ ಬಂದರು. ಹಿರೊಯಿ ಬೋಧನೆ ಬಿಟ್ಟು ಎಂಜಿನಿಯರಾದರು. ಒತಾರು ಬಂದರಿಗೆ ಅವರು ಕಟ್ಟಿಸಿ 1908ರಲ್ಲಿ ಮುಗಿಸಿದ ಕಾಂಕ್ರೀಟಿನ ಅಲೆತಡೆ ಇಂದಿಗೂ ಕೆಲಸ ಮಾಡುತ್ತಿದೆ. ಅದರ ಗಟ್ಟಿತನ ಅಳೆಯಲು ಅವರು ಎತ್ತಿಟ್ಟ ಕಾಂಕ್ರೀಟಿನ ತುಂಡುಗಳನ್ನು ನೂರು ವರ್ಷ ಕಳೆದ ಮೇಲೂ ಪರೀಕ್ಷಿಸುತ್ತಿದ್ದರು.

ಸಭೆಗೆ ಹೊಸ ತಲೆಮಾರು ಬಂದದ್ದೂ ಅದೇ ಕಾಲೇಜಿನಿಂದ. ಕಾದಂಬರಿಕಾರ ಅರಿಶಿಮಾ ತಾಕೆಒ ಅಲ್ಲಿ ಓದುತ್ತಿದ್ದಾಗ ಸೇರಿದವರು. ಸಭೆಯ ಚರಿತ್ರೆಯನ್ನು ಬರೆಯಲು ಕೈಹಾಕಿದವರೂ ಅವರೇ, ಆಮೇಲೆ ನಂಬಿಕೆ ಉಳಿಯದೆ ಹೆಸರು ತೆಗೆಸಿ ಹೊರನಡೆದವರೂ ಅವರೇ. ಊರಲ್ಲೇ ನೆಲೆನಿಂತವರು ಮಿಯಾಬೆ. ಹೊಕ್ಕೈಡೊ ವಿಶ್ವವಿದ್ಯಾಲಯದ ಸಸ್ಯೋದ್ಯಾನವನ್ನು ಬೆಳೆಸುತ್ತ, ಭಾನುವಾರ ಸಭೆಯ ಹಿರಿಯರಾಗಿ ಕೂರುತ್ತ 1951ರಲ್ಲಿ ತೀರಿಕೊಂಡರು. 1922ರಲ್ಲಿ ಕಟ್ಟಿದ ಮಂದಿರಕ್ಕೆ ಕ್ಲಾರ್ಕ್ ಹೆಸರಿಟ್ಟಾಗಲೂ ಅವರು ಸಪ್ಪೊರೊದಲ್ಲೇ ಇದ್ದರು. ಓದೊರಿ ಬೀದಿಯಲ್ಲಿದ್ದ ಆ ಮಂದಿರ 1960ರ ದಶಕದಲ್ಲಿ ಪಶ್ಚಿಮಕ್ಕೆ ಜಾಗ ಬದಲಿಸಿತು. ಸಭೆ ಮಾತ್ರ ಇವತ್ತಿಗೂ ಯಾವ ಪಂಗಡದ ಪಟ್ಟಿಯಲ್ಲೂ ಇಲ್ಲ.