ಅಲೆಕ್ಸಾಂಡರನ ಪ್ರಾಣಮಿತ್ರ

ಸ್ನೇಹವು ಬಾಳಿಗೆ ಬೆಳಕೆಂಬುದನ್ನು ಅಲ್ಲಗಳೆಯುವವರಿಲ್ಲ. ಆದರೆ ಯಾರ ಅಂಕೆಗೂ ಒಳಪಡದ ಅರಸನೊಬ್ಬನಲ್ಲಿ ಆ ಸ್ನೇಹವೇ ವ್ಯಾಮೋಹವಾಗಿ ಬೆಳೆದರೆ, ಅದರ ಬೆಲೆಯನ್ನು ತೆರುವವರು ಯಾರು? ಮ್ಯಾಸಿಡೋನಿಯದ ಅಲೆಕ್ಸಾಂಡರನ ಕಡೆಗಾಲದ ಚರಿತ್ರೆಯು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಹೆಫೈಸ್ಟಿಯನ್ನನು ಅವನ ಎಳೆಯಂದಿನ ಒಡನಾಡಿ. ಕ್ರಿ. ಪೂ. 334ರಲ್ಲಿ ಏಷ್ಯದ ನೆಲವನ್ನು ಮೆಟ್ಟಿದೊಡನೆ ಅರಸನು ಟ್ರಾಯ್ ನಗರದಲ್ಲಿ ಅಕಿಲೀಸನ ಸಮಾಧಿಗೂ, ಮಿತ್ರನು ಪೆಟ್ರೋಕ್ಲಸನ ಸಮಾಧಿಗೂ ಮಾಲೆಯನ್ನರ್ಪಿಸಿದರೆಂದು ಪ್ರತೀತಿ. ಮರುವರ್ಷ ಇಸ್ಸಸ್ ಯುದ್ಧದ ತರುವಾಯ ಸೆರೆಸಿಕ್ಕ ಪಾರಸಿಕ ರಾಜಮಾತೆಯು, ಎತ್ತರದ ಆಳಾದ ಹೆಫೈಸ್ಟಿಯನ್ನನನ್ನೇ ಅರಸನೆಂದು ಬಗೆದು ನಮಸ್ಕರಿಸಿದಳು. ತಪ್ಪನ್ನರಿತು ನಾಚಿದ ಆಕೆಗೆ ಅಲೆಕ್ಸಾಂಡರನು, ಇವನೂ ಅಲೆಕ್ಸಾಂಡರನೇ ಎಂದು ಸಮಾಧಾನ ಹೇಳಿದನಂತೆ.

ಆ ಮಾತಿನಲ್ಲಿ ಔದಾರ್ಯವಿದ್ದಂತೆಯೇ ಅಪಾಯದ ಬೀಜವೂ ಇತ್ತು. ಸಿಂಧೂನದಿಗೆ ಸೇತುವೆ ಕಟ್ಟಿಸಿದವರಲ್ಲಿ ಒಬ್ಬನಾದ ಹೆಫೈಸ್ಟಿಯನ್ನನು ದಕ್ಷನೇ ಸರಿ. ಆದರೆ ಇತರ ಸೇನಾನಿಗಳೊಡನೆ ಅವನಿಗೆ ಹೊಂದಿಕೆಯಿರಲಿಲ್ಲ. ನಮ್ಮ ದೇಶದ ದಂಡಯಾತ್ರೆಯಲ್ಲಿಯೇ ಅವನೂ ಕ್ರಾಟೆರಸನೂ ಪರಸ್ಪರ ಕತ್ತಿ ಹಿರಿದರು. ಆಗ ಅರಸನು ಮಿತ್ರನನ್ನು ಬಹಿರಂಗವಾಗಿ ಗದರಿಸಿ, ತನ್ನ ಆಶ್ರಯವಿಲ್ಲದಿದ್ದರೆ ಅವನು ಏನೂ ಅಲ್ಲವೆಂದನು. ಅಂದಿಗೆ ವಿವೇಕವಿನ್ನೂ ಉಳಿದಿತ್ತು.

ಕ್ರಿ. ಪೂ. 324ರ ಶರತ್ಕಾಲದಲ್ಲಿ ಎಕ್ಬಟಾನದಲ್ಲಿ ಹೆಫೈಸ್ಟಿಯನ್ನನು ಜ್ವರದಿಂದ ಮಡಿದನು. ಪ್ಲೂಟಾರ್ಕನ ಪ್ರಕಾರ, ಅರಸನು ವೈದ್ಯನನ್ನು ಶಿಲುಬೆಗೇರಿಸಿದನು. ಕುದುರೆಗಳ ಕೇಸರವನ್ನು ಕತ್ತರಿಸಿ ಕೋಟೆಗಳ ತೆನೆಗಳನ್ನು ಕೆಡವಿಸಿದನು. ಪಾಳೆಯದಲ್ಲಿ ವಾದ್ಯವನ್ನು ನಿಷೇಧಿಸಿದನು. ಕಡೆಗೆ ಕಾಸ್ಸಿಯರೆಂಬ ಗುಡ್ಡಗಾಡಿನ ಜನರನ್ನು ಕೊಲ್ಲಿಸಿ, ಅದನ್ನು ಮೃತನಿಗೆ ಬಲಿಯೆಂದು ಕರೆದನು. ಅಂತ್ಯಸಂಸ್ಕಾರಕ್ಕೂ ಸಮಾಧಿಗೂ 10,000 ಟ್ಯಾಲೆಂಟುಗಳ ವೆಚ್ಚವನ್ನು ಸಂಕಲ್ಪಿಸಿದನು. ಒಂದು ಟ್ಯಾಲೆಂಟೆಂದರೆ ಸುಮಾರು 26 ಕಿಲೋಗ್ರಾಂ ಬೆಳ್ಳಿ.

ಪ್ರಾಚೀನ ಲೇಖಕರು ಈ ವಿವರಗಳಲ್ಲಿ ಏಕಮತರಲ್ಲ. ನಾನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಬರೆದ ಏರಿಯನ್ನನು, ಒಬ್ಬೊಬ್ಬರೂ ತಮ್ಮ ರಾಗದ್ವೇಷಗಳಿಗೆ ತಕ್ಕಂತೆ ಬರೆದರೆಂದು ಎಚ್ಚರಿಸುತ್ತಾನೆ. ಆದರೂ ಅರಸನನ್ನು ಬಹುವಾಗಿ ಮೆಚ್ಚಿದ ಆ ಚರಿತ್ರಕಾರನೇ ಒಂದು ಸಂಗತಿಯನ್ನು ಒಪ್ಪಲಾರದೆ ಖಂಡಿಸಿದ್ದಾನೆ. ಈಜಿಪ್ಟನ್ನು ಆಳುತ್ತಿದ್ದ ಕ್ಲಿಯೊಮೆನೀಸನು ಪ್ರಜಾಪೀಡಕನೆಂದು ಹೆಸರಾಗಿದ್ದವನು. ಹೆಫೈಸ್ಟಿಯನ್ನನಿಗೆ ಗುಡಿಗಳನ್ನು ಚೆನ್ನಾಗಿ ಕಟ್ಟಿಸಿದರೆ ಅವನು ಹಿಂದೆ ಮಾಡಿದ ತಪ್ಪುಗಳನ್ನೂ ಮುಂದೆ ಮಾಡುವ ತಪ್ಪುಗಳನ್ನೂ ಮನ್ನಿಸುವುದಾಗಿ ಅಲೆಕ್ಸಾಂಡರನು ಅವನಿಗೆ ಓಲೆ ಬರೆದನಂತೆ!

ಮಿತ್ರಶೋಕವು ಮಾನವಸಹಜವಾದುದು, ಅದಕ್ಕಾಗಿ ಯಾರನ್ನೂ ನಿಂದಿಸಲಾಗದು. ಆದರೆ ಆ ಶೋಕವು ನ್ಯಾಯದ ತಕ್ಕಡಿಯನ್ನೇ ತಿರುಗಿಸಿದಾಗ, ಅದರ ಭಾರವು ಹೆಫೈಸ್ಟಿಯನ್ನನ ಹೆಸರನ್ನೂ ಕೇಳದ ನೈಲ್ ತೀರದ ರೈತನ ಮೇಲೆ ಬೀಳುತ್ತದೆ.

ಕ್ರಿ. ಪೂ. 323ರ ಜೂನ್ ತಿಂಗಳಲ್ಲಿ ಬ್ಯಾಬಿಲಾನಿನಲ್ಲಿ ಅರಸನೂ ತೀರಿಕೊಂಡನು. ಸೇನಾನಿ ಪರ್ಡಿಕ್ಕಸನು ಅರಸನ ಮಹಾಯೋಜನೆಗಳನ್ನು ಸೈನ್ಯದ ಮುಂದೆ ಓದಿಸಿದನು. ಅವುಗಳಲ್ಲಿ ಮಿತ್ರನ ಚಿತಾಸ್ಮಾರಕವನ್ನು ಪೂರ್ಣಗೊಳಿಸುವ ಯೋಜನೆಯೂ ಒಂದಾಗಿತ್ತೆಂದು ಡಯೊಡೋರಸನು ತಿಳಿಸುತ್ತಾನೆ. ಸೈನಿಕರು ಅರಸನ ಕೀರ್ತಿಯನ್ನು ಕೊಂಡಾಡಿದರು, ಯೋಜನೆಗಳನ್ನೆಲ್ಲ ಕೈಬಿಟ್ಟರು.