ಎರಡನೇ ಭಾಷೆಯ ತರಗತಿಯಲ್ಲಿ ಹೆಚ್ಚು ಕೆಲಸ ಮಾಡಬೇಕಾದವರು ಯಾರು?

ಹತ್ತು ವರ್ಷ ಇಂಗ್ಲಿಷ್ ಓದಿ ಒಳ್ಳೆಯ ಅಂಕ ಪಡೆದ ಹುಡುಗಿ ಸಂದರ್ಶನದಲ್ಲಿ ನಾಲ್ಕು ವಾಕ್ಯ ಮಾತಾಡಲಾಗದೆ ತಲೆ ತಗ್ಗಿಸುತ್ತಾಳೆ. ಬೆಂಗಳೂರಿನ ಶಾಲೆಯಲ್ಲಿ ಐದು ವರ್ಷ ಕನ್ನಡ ಕಲಿತ ಹೊರರಾಜ್ಯದ ಹುಡುಗ ಗಾದೆಯ ವಿಸ್ತರಣೆ ಬರೆದು ಪಾಸಾಗುತ್ತಾನೆ. ಆದರೆ ಪಕ್ಕದ ಮನೆಯ ಅಜ್ಜಿ "ಊಟ ಆಯ್ತಾ?" ಎಂದರೆ ತಡವರಿಸುತ್ತಾನೆ. ಇಂಥವರನ್ನು ಕಂಡಾಗ ನಾವು ಸಾಮಾನ್ಯವಾಗಿ "ಇವರಿಗೆ ಭಾಷೆ ತಲೆಗೆ ಹತ್ತುವುದಿಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತೇವೆ. ನಿಜಕ್ಕೂ ತೊಂದರೆ ಇರುವುದು ಮಗುವಿನ ತಲೆಯಲ್ಲೋ, ಕಲಿಸುವ ಬಗೆಯಲ್ಲೋ? ಈ ಪ್ರಶ್ನೆಯಿಂದ ಹುಟ್ಟಿದ್ದೇ ವಿದ್ಯಾರ್ಥಿ ಕೇಂದ್ರಿತ ಭಾಷಾ ಬೋಧನೆ. ಅದು ಏನು, ಏನಲ್ಲ ಎಂಬುದನ್ನು ನೋಡೋಣ.

ಹಾಗೆಂದರೇನು?

ಹಳೆಯ ಪದ್ಧತಿಯಲ್ಲಿ ಶಿಕ್ಷಕರು ನಿಯಮ ಹೇಳುತ್ತಾರೆ, ಪಾಠವನ್ನು ಅನುವಾದಿಸುತ್ತಾರೆ, ಪ್ರಶ್ನೋತ್ತರ ಬರೆಸುತ್ತಾರೆ. ಮಕ್ಕಳು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ. ಯೂರೋಪಿನಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಕಲಿಸಲು ಬಳಕೆಯಲ್ಲಿದ್ದ ವ್ಯಾಕರಣ-ಅನುವಾದ ಪದ್ಧತಿಯ ಮುಂದುವರಿಕೆ ಇದು. ಗ್ರಂಥಗಳನ್ನು ಓದಲು ಅದು ಸಾಕಾಗುತ್ತಿತ್ತು. ಏಕೆಂದರೆ ಲ್ಯಾಟಿನ್‌ನಲ್ಲಿ ತರಕಾರಿ ಕೊಳ್ಳುವ ಅಗತ್ಯ ಯಾರಿಗೂ ಇರಲಿಲ್ಲ!

ವಿದ್ಯಾರ್ಥಿ ಕೇಂದ್ರಿತ ವಿಧಾನದಲ್ಲಿ ಪಾಠದ ಆರಂಭವೇ ಬೇರೆ. ಕಲಿಯುವವರಿಗೆ ಈಗ ಏನು ಗೊತ್ತಿದೆ, ಈ ಭಾಷೆ ಅವರಿಗೆ ಎಲ್ಲಿ ಬೇಕಾಗುತ್ತದೆ, ಅವರ ಮಾತಿನಲ್ಲಿ ಯಾವ ತಪ್ಪು ಪದೇ ಪದೇ ಬರುತ್ತಿದೆ ಎಂಬುದನ್ನು ನೋಡಿ ಪಾಠ ರೂಪಿಸಲಾಗುತ್ತದೆ. ಭಾಷೆಯನ್ನು ಬಳಸುವ ಹೆಚ್ಚಿನ ಕೆಲಸ ಮಕ್ಕಳದ್ದು. ಅದಕ್ಕೆ ಸಂದರ್ಭ ಒದಗಿಸುವುದು, ಎಡವಿದಾಗ ಕೈ ಹಿಡಿಯುವುದು ಶಿಕ್ಷಕರದ್ದು.

ತಪ್ಪು ಏನನ್ನು ಹೇಳುತ್ತದೆ?

ಕನ್ನಡ ಕಲಿಯುತ್ತಿರುವ ಒಂದು ಮಗು "ನಾನು ನಿನ್ನೆ ಶಾಲೆಗೆ ಬರಿದೆ" ಎನ್ನುತ್ತದೆ ಎಂದಿಟ್ಟುಕೊಳ್ಳಿ. ಕೇಳಿದವರು ನಗಬಹುದು. ಆದರೆ ಸ್ವಲ್ಪ ಯೋಚಿಸಿ. "ಬರಿದೆ" ಎಂದು ಆ ಮಗುವಿಗೆ ಯಾರೂ ಹೇಳಿಕೊಟ್ಟಿಲ್ಲ. ಮಾಡು-ಮಾಡಿದೆ, ಓಡು-ಓಡಿದೆ, ಹಾಡು-ಹಾಡಿದೆ ಎಂಬುದನ್ನು ಗಮನಿಸಿ ತಾನೇ ಒಂದು ನಿಯಮ ಕಟ್ಟಿಕೊಂಡು, ಅದನ್ನು "ಬರು" ಎಂಬ ಪದಕ್ಕೂ ಹಚ್ಚಿದೆ. ಅಂದರೆ ಕಲಿಕೆ ನಡೆಯುತ್ತಿದೆ ಎಂಬುದಕ್ಕೆ ಈ ತಪ್ಪೇ ಸಾಕ್ಷಿ.

ಬ್ರಿಟನ್ನಿನ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಇದೇ ವಿಚಾರವನ್ನು ಮುಂದಿಟ್ಟರು. ಕಲಿಯುವವರ ಒಳಗೆ ಅವರದೇ ಆದ ಒಂದು ಪಠ್ಯಕ್ರಮ ಇರುತ್ತದೆ, ತಪ್ಪುಗಳು ಅದನ್ನು ನಮಗೆ ತೋರಿಸುವ ಕಿಟಕಿಗಳು ಎಂಬುದು ಅವರ ವಾದದ ಸಾರ. 1972ರಲ್ಲಿ ಅಮೆರಿಕದ ಲ್ಯಾರಿ ಸೆಲಿಂಕರ್ ಇದನ್ನು ಇನ್ನಷ್ಟು ವಿಸ್ತರಿಸಿದರು. ಮಾತೃಭಾಷೆಗೂ ಗುರಿಭಾಷೆಗೂ ನಡುವೆ ಕಲಿಯುವವರು ತಾತ್ಕಾಲಿಕವಾಗಿ ಕಟ್ಟಿಕೊಳ್ಳುವ ವ್ಯವಸ್ಥೆಯನ್ನು ಅವರು "ಇಂಟರ್‌ಲಾಂಗ್ವೇಜ್", ಅಂದರೆ ನಡುಭಾಷೆ ಎಂದು ಕರೆದರು. ಅದಕ್ಕೂ ತನ್ನದೇ ನಿಯಮಗಳಿರುತ್ತವೆ. ಅದು ಹಂತ ಹಂತವಾಗಿ ಬದಲಾಗುತ್ತಾ ಹೋಗುತ್ತದೆ.

ಬೆಂಗಳೂರಿನ ಹೆಸರಿನ ಒಂದು ಪ್ರಯೋಗ

ಭಾಷಾ ಬೋಧನೆಯ ಪುಸ್ತಕಗಳಲ್ಲಿ "ಬೆಂಗಳೂರು ಪ್ರಾಜೆಕ್ಟ್" ಎಂಬ ಹೆಸರು ಪದೇ ಪದೇ ಬರುತ್ತದೆ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದ್ರಾಸ್ ಮುಂತಾದ ಕಡೆಯ ಶಾಲೆಗಳಲ್ಲಿ ಈ ಪ್ರಯೋಗ ನಡೆಯಿತು. ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಮತ್ತು ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ ಇದರ ಹಿಂದಿದ್ದವು.

ಆಗ ದಕ್ಷಿಣ ಭಾರತದ ಶಾಲೆಗಳಲ್ಲಿ ವಾಕ್ಯರಚನೆಗಳನ್ನು ಒಂದೊಂದಾಗಿ ಅಭ್ಯಾಸ ಮಾಡಿಸುವ ಪದ್ಧತಿ ಇತ್ತು. ಪ್ರಭು ಅವರ ಆಲೋಚನೆ ಬೇರೆಯಾಗಿತ್ತು. ಅರ್ಥದ ಕಡೆಗೆ ಮನಸ್ಸು ಹೊರಳಿದಾಗ ವ್ಯಾಕರಣ ತಾನಾಗಿಯೇ ಒಳಗೆ ಕೂರುತ್ತದೆ ಎಂಬುದು ಅವರ ನಂಬಿಕೆ. ಹಾಗಾಗಿ ಮಕ್ಕಳಿಗೆ ವ್ಯಾಕರಣದ ಪಾಠದ ಬದಲು ಬಿಡಿಸಬೇಕಾದ ಸಮಸ್ಯೆಗಳನ್ನು ಕೊಟ್ಟರು. ರೈಲಿನ ವೇಳಾಪಟ್ಟಿ ನೋಡಿ ಯಾವ ಗಾಡಿ ಹಿಡಿಯಬೇಕು ಎಂದು ಹೇಳುವುದು, ನಕ್ಷೆ ನೋಡಿ ದಾರಿ ಹುಡುಕುವುದು, ಇಂಥವು. ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಪ್ರಶ್ನೆ ಕೇಳುತ್ತಾ ಅಂಥದೇ ಒಂದು ಸಮಸ್ಯೆಯನ್ನು ಬಿಡಿಸುತ್ತಿದ್ದರು. ನಂತರ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕಿತ್ತು.

ಫಲಿತಾಂಶ ಏನಾಯಿತು? ಬೆರೆಟ್ಟಾ ಮತ್ತು ಡೇವಿಸ್ ಎಂಬ ಹೊರಗಿನ ಇಬ್ಬರು ಸಂಶೋಧಕರು ಇದರ ಮೌಲ್ಯಮಾಪನ ಮಾಡಿ 1985ರಲ್ಲಿ ಪ್ರಕಟಿಸಿದರು. ರಚನೆಗಳ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮುಂದಿದ್ದರು, ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಎರಡೂ ಕಡೆಗೆ ವಾಲದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಯೋಗದ ಮಕ್ಕಳದೇ ಮೇಲುಗೈ. ಹೀಗಿದ್ದರೂ ಸಂಶೋಧಕರು ಎಚ್ಚರಿಕೆಯಿಂದಲೇ ಮಾತಾಡಿದರು. ಇಂದು ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ಕಾರ್ಯಾಧಾರಿತ ಭಾಷಾ ಬೋಧನೆಗೆ ಈ ಪ್ರಯೋಗ ಒಂದು ಮುಖ್ಯ ಮೂಲ.

ಕೆಲವು ತಪ್ಪು ಕಲ್ಪನೆಗಳು

ಮಿಥ್ಯೆ 1: ಮಕ್ಕಳನ್ನು ಗುಂಪಾಗಿ ಕೂರಿಸಿದರೆ ಸಾಕು, ತರಗತಿ ವಿದ್ಯಾರ್ಥಿ ಕೇಂದ್ರಿತವಾಗುತ್ತದೆ.
ಇಲ್ಲ. ಬೆಂಗಳೂರು ಪ್ರಯೋಗದಲ್ಲಿ ಗುಂಪು ಕೆಲಸಕ್ಕೆ ಒತ್ತು ಕೊಟ್ಟಿರಲೇ ಇಲ್ಲ. ಮಕ್ಕಳು ಒಬ್ಬರಿಂದೊಬ್ಬರು ತಪ್ಪು ಭಾಷೆಯನ್ನೇ ಕೇಳಿ ಗಟ್ಟಿಮಾಡಿಕೊಳ್ಳಬಹುದು ಎಂಬ ಆತಂಕ ಪ್ರಭು ಅವರಿಗಿತ್ತು. ಗುಂಪು ಚಟುವಟಿಕೆ ಒಳ್ಳೆಯ ಸಾಧನವೇ. ಆದರೆ ಪ್ರತಿ ಮಗುವೂ ಅಲ್ಲಿ ಮಾತಾಡಲೇಬೇಕಾದ ಕಾರಣ ಇರಬೇಕು. ಇಲ್ಲದಿದ್ದರೆ ಒಬ್ಬರು ಮಾತಾಡುತ್ತಾರೆ, ಉಳಿದವರು ಕಿಟಕಿಯಾಚೆ ನೋಡುತ್ತಾರೆ.

ಮಿಥ್ಯೆ 2: ತಪ್ಪು ತಿದ್ದಲೇಬಾರದು, ಮಕ್ಕಳ ಉತ್ಸಾಹ ಕುಗ್ಗುತ್ತದೆ.
ಅವಮಾನ ಮಾಡಬಾರದು ಎಂಬುದು ಸರಿ, ತಿದ್ದಲೇಬಾರದು ಎಂಬುದು ಸರಿಯಲ್ಲ. ಕೆನಡಾದ ಫ್ರೆಂಚ್ ಇಮ್ಮರ್ಶನ್ ತರಗತಿಗಳನ್ನು ಗಮನಿಸಿ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯುಕ್ತ. ಶಿಕ್ಷಕರು ಹೆಚ್ಚಾಗಿ ಮಾಡುತ್ತಿದ್ದದ್ದು ಸರಿಯಾದ ರೂಪವನ್ನು ತಾವೇ ಹೇಳಿಬಿಡುವುದು. ಮಕ್ಕಳು ಅದನ್ನು ಅನೇಕ ಸಲ ಗಮನಿಸುತ್ತಲೇ ಇರಲಿಲ್ಲ. ಸುಳಿವು ಕೊಟ್ಟು ಅವರಿಂದಲೇ ಹೇಳಿಸಿದಾಗ ತಿದ್ದಿಕೊಳ್ಳುವುದು ಹೆಚ್ಚಿತ್ತು. "ಬರಿದೆ" ಎಂದ ಮಗುವಿಗೆ "ನೀನು ನಿನ್ನೆ ಶಾಲೆಗೆ...?" ಎಂದು ತಡೆದು ಕಾಯುವುದು ಇಂಥ ಒಂದು ಸುಳಿವು.

ಮಿಥ್ಯೆ 3: ವ್ಯಾಕರಣ ಬೇಡವೇ ಬೇಡ.
ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನಾರಿಸ್ ಮತ್ತು ಒರ್ಟೆಗಾ 2000ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ, ನಿಯಮದ ಕಡೆಗೆ ಸ್ಪಷ್ಟವಾಗಿ ಗಮನ ಸೆಳೆಯುವ ಬೋಧನೆಯೇ ಹೆಚ್ಚು ಪರಿಣಾಮಕಾರಿ ಎಂದು ಕಂಡುಬಂತು. ಹಾಗಾಗಿ ಪ್ರಶ್ನೆ ವ್ಯಾಕರಣ ಬೇಕೋ ಬೇಡವೋ ಎಂಬುದಲ್ಲ, ಯಾವಾಗ ಎಂಬುದು. ಮಗು ಏನನ್ನೋ ಹೇಳಲು ಹೊರಟು ಸಿಕ್ಕಿಹಾಕಿಕೊಂಡಾಗ ಬರುವ ನಿಯಮ ನೆನಪಿನಲ್ಲಿ ಉಳಿಯುತ್ತದೆ.

ಮಿಥ್ಯೆ 4: ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ಅದಕ್ಕೆ ತಕ್ಕಂತೆ ಕಲಿಸಬೇಕು.
ವಿದ್ಯಾರ್ಥಿ ಕೇಂದ್ರಿತ ಎಂಬ ಹೆಸರಿನಲ್ಲಿ ಇದು ಬಹಳ ಪ್ರಚಾರದಲ್ಲಿದೆ. ಆದರೆ 2008ರಲ್ಲಿ ಪಾಶ್ಲರ್ ಮತ್ತು ಸಂಗಡಿಗರು ನಡೆಸಿದ ಪರಿಶೀಲನೆಯಲ್ಲಿ ಇದನ್ನು ಸಮರ್ಥಿಸುವಷ್ಟು ಪುರಾವೆ ಸಿಗಲಿಲ್ಲ. ಭಾಷೆಗೆ ಕಣ್ಣು, ಕಿವಿ, ಬಾಯಿ ಎಲ್ಲವೂ ಬೇಕು.

ಮಿಥ್ಯೆ 5: ತರಗತಿಯಲ್ಲಿ ಮನೆಮಾತು ಬಂದರೆ ಹೊಸ ಭಾಷೆ ಕೆಡುತ್ತದೆ.
2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲ ಎಂದೇ ಕಂಡಿದೆ. ಒಂದು ಕಷ್ಟದ ಸೂಚನೆಯನ್ನು ಮನೆಮಾತಿನಲ್ಲಿ ಒಮ್ಮೆ ಹೇಳಿದರೆ ಹತ್ತು ನಿಮಿಷ ಉಳಿಯಬಹುದು. ಆ ಹತ್ತು ನಿಮಿಷ ಹೊಸ ಭಾಷೆಯ ಬಳಕೆಗೆ ಹೋಗಲಿ. ಆದರೆ ಇಡೀ ಪಾಠವೇ ಅನುವಾದವಾದರೆ ಹೊಸ ಭಾಷೆ ಕಿವಿಗೆ ಬೀಳುವುದೇ ಇಲ್ಲ.

ನಮ್ಮ ತರಗತಿಯಲ್ಲಿ ಹೇಗೆ?

ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಶಾಲೆಗಳಲ್ಲಿ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿರಬೇಕು. ಕನ್ನಡವನ್ನು ಎರಡನೇ ಭಾಷೆಯಾಗಿ ಕಲಿಯುವ ತರಗತಿಗೆ ಒಂದು ಉದಾಹರಣೆ ನೋಡೋಣ. ಇಬ್ಬಿಬ್ಬರು ಮಕ್ಕಳ ಜೋಡಿ ಮಾಡಿ. ಒಬ್ಬರ ಕೈಯಲ್ಲಿ ತರಕಾರಿ ಅಂಗಡಿಯ ಬೆಲೆಪಟ್ಟಿ, ಇನ್ನೊಬ್ಬರ ಕೈಯಲ್ಲಿ ಮನೆಗೆ ಬೇಕಾದ ಸಾಮಾನಿನ ಚೀಟಿ ಮತ್ತು 200 ರೂಪಾಯಿಯ ಮಿತಿ. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡುವಂತಿಲ್ಲ. ಬೆಲೆ ಕೇಳಿ, ಲೆಕ್ಕ ಹಾಕಿ, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸಬೇಕು. ಇಲ್ಲಿ ಮಾತಾಡದೆ ಕೆಲಸ ಸಾಗುವುದೇ ಇಲ್ಲ! ಯಾರಾದರೂ "ನಾನು ಟೊಮ್ಯಾಟೊ ಬೇಕು" ಎಂದರೆ ಕೊನೆಯ ಐದು ನಿಮಿಷದಲ್ಲಿ "ನನಗೆ ಬೇಕು, ಅವನಿಗೆ ಬೇಕು" ಎಂಬ ರೂಪವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ವ್ಯಾಕರಣದ ಪಾಠವೂ ಆಯಿತು.

ಅಡ್ಡಿಗಳೂ ಇವೆ. ಅರವತ್ತು ಮಕ್ಕಳ ತರಗತಿಯಲ್ಲಿ ಗದ್ದಲ ಖಂಡಿತ. ಪಠ್ಯ ಮುಗಿಸುವ ಒತ್ತಡವೂ ಇರುತ್ತದೆ. ಎಲ್ಲಕ್ಕಿಂತ ದೊಡ್ಡದು ಪರೀಕ್ಷೆ. ಬಾಯಿಪಾಠಕ್ಕೇ ಅಂಕ ಸಿಗುವವರೆಗೆ ಶಿಕ್ಷಕರೂ ಪೋಷಕರೂ ಬಾಯಿಪಾಠವನ್ನೇ ಬಯಸುವುದು ಸಹಜ. ಆದ್ದರಿಂದ ಪಾಠ ಬದಲಾಗಬೇಕಾದರೆ ಪ್ರಶ್ನೆಪತ್ರಿಕೆಯೂ ಬದಲಾಗಬೇಕು. ಅಲ್ಲಿಯವರೆಗೆ ವಾರಕ್ಕೆ ಒಂದೆರಡು ಪೀರಿಯಡ್ ಇಂಥ ಕೆಲಸಕ್ಕೆ ಮೀಸಲಿಟ್ಟರೂ ಆರಂಭವಾದಂತೆಯೇ.

ಇದೇ ಪ್ರಭು ಅವರು 1990ರಲ್ಲಿ ಬರೆದ ಒಂದು ಲೇಖನದಲ್ಲಿ ಎಲ್ಲರಿಗೂ ಒಪ್ಪುವ ಅತ್ಯುತ್ತಮ ವಿಧಾನ ಎಂಬುದು ಇಲ್ಲ ಎಂದು ವಾದಿಸಿದ್ದರು. ತಾನು ಮಾಡುತ್ತಿರುವುದರಿಂದ ಕಲಿಕೆ ಹೇಗೆ ಆಗುತ್ತಿದೆ ಎಂದು ಶಿಕ್ಷಕರು ಯೋಚಿಸುತ್ತಿರುವುದು ಮುಖ್ಯ ಎಂಬುದು ಅವರ ನಿಲುವು. ಪೋಷಕರಿಗೂ ಇಲ್ಲೊಂದು ಪಾಠವಿದೆ. ಮಗು ಶಾಲೆಯಿಂದ ಬಂದಾಗ "ಇವತ್ತು ಏನು ಬರೆಸಿದರು?" ಎಂದು ಕೇಳುವುದರ ಜೊತೆಗೆ, "ಇವತ್ತು ಆ ಭಾಷೆಯಲ್ಲಿ ನೀನು ಏನು ಹೇಳಿದೆ?" ಎಂದೂ ಕೇಳಿ. ಉತ್ತರ ಪ್ರತಿದಿನವೂ "ಏನೂ ಇಲ್ಲ" ಎಂದಾದರೆ, ಮಗುವನ್ನು ದಡ್ಡ ಎನ್ನುವ ಮೊದಲು ಶಿಕ್ಷಕರೊಂದಿಗೆ ಕುಳಿತು ಮಾತಾಡಿ.